ಕಬ್ಬಿಣದ ಊರುಗಳ ಸದ್ದು

ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ಗಾಡಿಗೆ ಕಾಯುತ್ತ ಕೂತಿದ್ದೆವು. ಇಬ್ಬರು ಹಳ್ಳಿ ಮೇಷ್ಟ್ರುಗಳು, ಸಂಘಟನೆಯ ಒಬ್ಬ ಹಳೆಯ ಕಾರ್ಯಕರ್ತ, ಜೊತೆಗೆ ಅಜ್ಜಂಪುರ ಸೀಮೆಯ ಕೇರಿಯೊಂದರ ಹುಡುಗ. ಕಾಲೇಜಿನ ಕೊನೇ ವರ್ಷದಲ್ಲಿದ್ದಾನೆ. ಅವನ ತಾತ ಜಾತ್ರೆಗೆ, ಸಾವಿಗೆ ತಮಟೆ ಬಡಿದವರು. ಅಪ್ಪ ತಮಟೆ ಮುಟ್ಟಲಿಲ್ಲ. ಹುಡುಗನ ಕಿವಿಯಲ್ಲಿ ಮೊಬೈಲಿನ ವೈರು. ಅದರೊಳಗಿನ ಗದ್ದಲ ಪಕ್ಕದಲ್ಲಿ ಕೂತ ನಮಗೂ ಕೇಳುತ್ತಿತ್ತು.

"ಏನಯ್ಯಾ ಅದು, ಯಾರನ್ನಾದ್ರೂ ಹಿಡಿದು ಹೊಡೀತಿದಾರೇನು?" ಎಂದು ನಮ್ಮ ಮೇಷ್ಟ್ರೊಬ್ಬರು ಕೇಳಿದರು.

"ಇಲ್ಲ ಸಾರ್, ಹಾಡ್ತಾ ಇದಾನೆ. ಇದಕ್ಕೆ ಮೆಟಲ್‌ಕೋರ್ ಅಂತಾರೆ. ಇದು ಅವರ ಮೊದಲ್ನೇ ಆಲ್ಬಮ್ಮು, ಬರೀ ಕಿರುಚಾಟ. ಐದನೇದು ಕೇಳಿದ್ರೆ ನೀವೂ ತಲೆದೂಗ್ತೀರಿ. ಅದಕ್ಕೇ ಕೇಳೋರಲ್ಲಿ ಜಗಳ. ಮೆತ್ತಗಾದ್ರು, ಮಾರ್ಕೊಂಡ್ರು ಅಂತ ಅರ್ಧ ಜನ ಬಯ್ತಾರೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೆತ್ತಗಾದರು, ಮಾರಿಕೊಂಡರು. ಈ ಮಾತನ್ನು ನಮ್ಮದೇ ಸಭೆಗಳಲ್ಲಿ ನಲವತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇವಲ್ಲ! ಸಿಟ್ಟಿನ ಹಾಡು ಹೇಗೆ ಹುಟ್ಟುತ್ತೆ, ಒಂದು ಸಂಕಲನದಿಂದ ಇನ್ನೊಂದಕ್ಕೆ ಅದು ಯಾಕೆ ಬದಲಾಗುತ್ತೆ, ಬದಲಾದಾಗ ಏನು ಉಳಿಯಬೇಕು? ಹುಡುಗನ ಕಿವಿಯೊಳಗಿನ ಸದ್ದಿಗೂ ನಮ್ಮ ಕೇರಿಯ ಸದ್ದಿಗೂ ಪ್ರಶ್ನೆ ಒಂದೇ ಎಂದು ಅನ್ನಿಸಿತು. ಅದನ್ನು ಇಲ್ಲಿ ಚರಿತ್ರೆಯಾಗಿ ಬಿಡಿಸಿ ನೋಡುತ್ತಿದ್ದೇವೆ.

ಮೊದಲು ಆ ಹೊರಗಿನ ಸದ್ದಿನ ಹುಟ್ಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಬ್ಬಿಣ, ತಗಡು, ಯಂತ್ರಗಳ ಊರು. 1965ರಲ್ಲಿ ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ಕೂಲಿಗಿದ್ದ. ಕೆಲಸ ಬಿಟ್ಟು ಗಿಟಾರ್ ತಂಡಕ್ಕೆ ಸೇರುವುದೆಂದು ತೀರ್ಮಾನವಾಗಿತ್ತು; ಅದು ಅವನ ಕೊನೆಯ ದಿನ. ಬಾರದೆ ಇದ್ದ ಇನ್ನೊಬ್ಬ ಕೆಲಸಗಾರನ ಬದಲು ಅವನನ್ನು ಯಂತ್ರಕ್ಕೆ ನಿಲ್ಲಿಸಿದರು. ಬಲಗೈಯ ಎರಡು ಬೆರಳ ತುದಿಗಳು ಹೋದವು. ಅವನು ಎಡಚ. ಗಿಟಾರಿನ ತಂತಿ ಅದುಮಬೇಕಾದದ್ದು ಅದೇ ಬಲಗೈ. ಇನ್ನು ಮುಗಿಯಿತು ಎಂದು ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಒಂದು ಗ್ರಾಮಫೋನ್ ಪ್ಲೇಟು ಕೇಳಿಸಿದ. ಅದು ಜಾಂಗೊ ರೈನ್‌ಹಾರ್ಟ್ ಎಂಬಾತನ ವಾದನ. ಅವನು ಯುರೋಪಿನ ಅಲೆಮಾರಿ ರೋಮಾ ಜನರವನು, ಊರಿನವರು ಹತ್ತಿರ ಸೇರಿಸದ ಜನ. 1928ರ ಬೆಂಕಿಯಲ್ಲಿ ಎರಡು ಬೆರಳುಗಳ ಶಕ್ತಿ ಕಳಕೊಂಡು ಉಳಿದ ಬೆರಳುಗಳಲ್ಲೇ ಲೋಕ ಬೆರಗಾಗುವಂತೆ ನುಡಿಸಿದವನು.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತಂತಿ ಜಾರದಿರಲೆಂದು ಅದರ ಮೇಲೆ ಹಳೇ ಜಾಕೆಟ್ಟಿನ ಚರ್ಮದ ತುಂಡು ಅಂಟಿಸಿದ. ಗಾಯದ ಬೆರಳಿಗೆ ಬಿಗಿ ತಂತಿ ನೋಯುತ್ತದೆ. ತೆಳು ತಂತಿ ಹಾಕಿದ. ಆಮೇಲೆ ತಂತಿಗಳನ್ನೇ ಸಡಿಲ ಮಾಡಿದ. ತಂತಿ ಸಡಿಲವಾದರೆ ಸ್ವರ ಕೆಳಗಿಳಿಯುತ್ತದೆ, ಭಾರವಾಗುತ್ತದೆ. ಅವನ ತಂಡ ಬ್ಲ್ಯಾಕ್ ಸಬ್ಬತ್. ಅದರ ಮೊದಲ ಎರಡು ಆಲ್ಬಮ್ 1970ರಲ್ಲೇ ಬಂದವು. 1971ರ ಮೂರನೆಯದಾದ 'ಮಾಸ್ಟರ್ ಆಫ್ ರಿಯಾಲಿಟಿ'ಯ ಹಲವು ಹಾಡುಗಳಲ್ಲಿ ತಂತಿಗಳನ್ನು ಮೂರು ಅರ್ಧಸ್ವರದಷ್ಟು ಇಳಿಸಲಾಯಿತು. ಲೋಕ ಇವತ್ತು 'ಹೆವಿ ಮೆಟಲ್' ಎಂದು ಕರೆಯುವ ಸದ್ದಿನ ಭಾರಕ್ಕೆ ಕಾರಣಗಳಲ್ಲಿ ಒಂದು ಇದು: ಒಬ್ಬ ಕೂಲಿ ಹುಡುಗನ ಕತ್ತರಿಸಿಹೋದ ಬೆರಳು. ಪಂಡಿತರು ರಾಗಶಾಸ್ತ್ರದಲ್ಲಿ ಹುಡುಕುವ ಕಾರಣ ಕಾರ್ಖಾನೆಯ ನೆಲದ ಮೇಲೆ ಬಿದ್ದಿತ್ತು.

ಇತ್ತ ಅಮೆರಿಕದ ನಗರಗಳಲ್ಲಿ 1980ರ ಸುಮಾರಿಗೆ ಹಾರ್ಡ್‌ಕೋರ್ ಪಂಕ್ ಎಂಬ ಇನ್ನೊಂದು ಸದ್ದು ಎದ್ದಿತು. ಚಿಕ್ಕ ಹಾಡು, ವೇಗದ ಹೊಡೆತ, ಕೂಗುವ ಬಾಯಿ. ಈ ಕೂಗೂ ಆ ಭಾರವೂ 1990ರ ದಶಕದಲ್ಲಿ ಬೆರೆತು ಮೆಟಲ್‌ಕೋರ್ ಆಯಿತು. ಅದರ ಗುರುತು ಮೂರು: ಗಂಟಲು ಸೀಳುವ ಕೂಗು, ಅದರ ನಡುವೆ ಶುದ್ಧ ದನಿಯ ಹಾಡು, ಮತ್ತು ಓಟದ ಲಯ ಒಮ್ಮೆಲೆ ನಿಂತು ಭಾರವಾಗಿ ಹೆಜ್ಜೆ ಹಾಕುವ ಘಟ್ಟ. ಆ ಘಟ್ಟಕ್ಕೆ ಅವರು 'ಬ್ರೇಕ್‌ಡೌನ್' ಎನ್ನುತ್ತಾರೆ. ಕೇಳುವವರು ಅಲ್ಲಿ ಮೈಮರೆತು ಕುಣಿಯುತ್ತಾರೆ.

ಹುಡುಗನ ತಂಡ 'ಬ್ರಿಂಗ್ ಮಿ ದ ಹೊರೈಜನ್'. 2004ರಲ್ಲಿ ಶೆಫೀಲ್ಡಿನಲ್ಲಿ ಹುಟ್ಟಿದ್ದು. ಶೆಫೀಲ್ಡ್ ಉಕ್ಕಿನ ಊರು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ 1913ರಲ್ಲಿ ತಯಾರಿಸಿದ್ದು ಅಲ್ಲೇ. ತಂಡದ 2006ರ ಮೊದಲ ಆಲ್ಬಮ್ಮಿನಲ್ಲಿ ಮಾತು ಹಿಡಿಯಲಿಕ್ಕೇ ಆಗದಷ್ಟು ಕಿರುಚಾಟ. 2008ರ ಎರಡನೆಯದರಲ್ಲಿ ಕೂಗು ತಿಳಿಯಾಯಿತು, ಎಲೆಕ್ಟ್ರಾನಿಕ್ ಸದ್ದು ನುಸುಳಿತು. 2010ರ ಮೂರನೆಯದರಲ್ಲಿ ಮೇಳದ ದನಿಗಳೂ ಹೆಣ್ಣುದನಿಯೂ ಸೇರಿದವು. 2013ರ 'ಸೆಂಪಿಟರ್ನಲ್' ಹೊತ್ತಿಗೆ ಕೀಬೋರ್ಡಿನವನು ಬಂದಿದ್ದ, ಕಿರುಚುತ್ತಿದ್ದವನು ಹಾಡಲು ಕಲಿತಿದ್ದ. 2015ರ ಐದನೆಯದರಲ್ಲಿ ಕಿರುಚು ಹೆಚ್ಚುಕಡಿಮೆ ಇಲ್ಲ. 2019ರ 'ಅಮೊ' ಪೂರಾ ಬೇರೆ ದಾರಿ. ಅದರಲ್ಲಿ 'ಹೆವಿ ಮೆಟಲ್' ಎಂಬ ಹೆಸರಿನ ಒಂದು ಹಾಡಿದೆ. ನೀವೀಗ ಮೆತ್ತಗಾದಿರಿ ಎಂದು ಬಯ್ಯುವ ಅಭಿಮಾನಿಗಳನ್ನೇ ಅದು ಕೆಣಕುತ್ತದೆ. ಮರುವರ್ಷ 2020ರಲ್ಲಿ ಬಂದದ್ದರಲ್ಲಿ ಹಳೆಯ ಭಾರ ಮತ್ತೆ ಮರಳಿತು. ಅಂದರೆ ಸದ್ದು ಮೆತ್ತಗಾಗುತ್ತಲೇ ಹೋಗುತ್ತದೆ ಎಂಬ ನಿಯಮ ಏನೂ ಇಲ್ಲ.

ಈಗ ನಮ್ಮ ಕಬ್ಬಿಣಕ್ಕೆ ಬರೋಣ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯನ್ನು ಇವತ್ತು ತಂಪು ಗಾಳಿಗೆ, ಹೂದೋಟಕ್ಕೆ ಜನ ನೋಡಲು ಹೋಗುತ್ತಾರೆ. ಹೆಸರಿನಲ್ಲೇ ಕೆಂಪು ಮಣ್ಣಿದೆ, ಗುಂಡಿಯಿದೆ. ಅಲ್ಲಿ ಅಗೆದ ಕಬ್ಬಿಣದ ಅದಿರು ತಂತಿದಾರಿಯಲ್ಲಿ ಬೆಟ್ಟ ಇಳಿದು, ಟ್ರಾಮಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕುಲುಮೆ ಉರಿಯಿತು. ಮೊದಮೊದಲು ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಮಹಾರಾಜರ ಹೆಸರು, ವಿಶ್ವೇಶ್ವರಯ್ಯನವರ ಹೆಸರು ಚರಿತ್ರೆಯ ಪುಸ್ತಕದಲ್ಲಿವೆ. ಅದಿರು ಅಗೆದವರ, ಮರ ಕಡಿದವರ, ಕುಲುಮೆಯ ಬಾಯಲ್ಲಿ ಬೆವರು ಸುರಿಸಿದವರ ಹೆಸರು ಯಾವ ಪುಸ್ತಕದಲ್ಲಿದೆ? ಅದೇ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಉಕ್ಕು ಪ್ರಾಧಿಕಾರ ತೀರ್ಮಾನಿಸಿದಾಗ ಗೇಟಿನ ಮುಂದೆ ಧರಣಿ ಕೂತವರು ಗುತ್ತಿಗೆ ಕೆಲಸಗಾರರು.

ತರೀಕೆರೆ ದಾಟಿದರೆ ಭದ್ರಾವತಿ. ಆ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಗೆಳೆಯರೊಂದಿಗೆ 70ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಆದಂತೆ ಇಲ್ಲೂ ಕಬ್ಬಿಣದ ಊರಿನಿಂದ ಒಂದು ಸದ್ದು ಹೊರಟಿತು. ಅದು ಕಡೂರು, ತರೀಕೆರೆ, ಅಜ್ಜಂಪುರದ ಕೇರಿಗಳಿಗೂ ಬಂತು. ಆದರೆ ಅದು ಬರುವ ಮೊದಲೇ ಇಲ್ಲಿ ಒಂದು ಸದ್ದಿತ್ತು.

ತಮಟೆ. ಕೆಲವು ಕಡೆ ಹಲಗೆ ಅಂತಾರೆ, ಕೆಲವು ಕಡೆ ಅರೆ. ತೆಲುಗರಲ್ಲಿ ಡಪ್ಪು, ತಮಿಳರಲ್ಲಿ ಪರೈ. ಮರದ್ದೋ ಕಬ್ಬಿಣದ್ದೋ ಒಂದು ಬಳೆ, ಅದಕ್ಕೆ ಹುಣಸೆ ಬೀಜದ ಸರಿಯಲ್ಲಿ ಅಂಟಿಸಿದ ತೊಗಲು. ಬಲಗೈಗೆ ಗಿಡ್ಡ ಕೋಲು, ಎಡಗೈಗೆ ತೆಳ್ಳನೆಯ ಉದ್ದ ಕಡ್ಡಿ. ಬಡಿಯುವ ಮುಂಚೆ ಬೆಂಕಿಗೆ ಹಿಡಿಯಬೇಕು. ಕಾಯದ ತಮಟೆ ದಪ್ ಅಂತದೆ, ಕಾದದ್ದು ಟಣ್ ಅಂತದೆ. ಗಿಟಾರಿನವನು ತಂತಿ ಸಡಿಲ ಮಾಡಿ ಸ್ವರ ಇಳಿಸುತ್ತಾನೆ; ನಮ್ಮವನು ಹುಲ್ಲು ಹೊತ್ತಿಸಿ ತೊಗಲು ಬಿಗಿ ಮಾಡಿ ಸ್ವರ ಏರಿಸುತ್ತಾನೆ.

ನಮ್ಮ ಸೀಮೆಯಲ್ಲಿ ವಾದ್ಯಕ್ಕೂ ಜಾತಿಯಿದೆ. ಡೊಳ್ಳು ಕುರುಬರದ್ದು, ವೀರಗಾಸೆ ಜಂಗಮರದ್ದು. ಅವರು ಅದನ್ನು ಕಲೆ ಅಂದುಕೊಂಡು, ಹರಕೆ ಅಂದುಕೊಂಡು ನುಡಿಸಿದರು. ತಮಟೆಯದು ಬೇರೆ ಲೆಕ್ಕ. ಊರ ಹಬ್ಬಕ್ಕೆ ತಮಟೆ ಬೇಕು, ಹೆಣದ ಮುಂದೆ ಬೇಕು, ಪಂಚಾಯಿತಿಯ ಸುದ್ದಿ ಸಾರಲು ಬೇಕು. ತಮಟೆ ದೇವರ ಮುಂದೆ ಹೋಗುತ್ತೆ, ತಮಟೆಯವನು ಗುಡಿಯ ಒಳಗೆ ಹೋಗುವಂತಿಲ್ಲ. ಅಮೃತಮಹಲ್ ದನಗಳ ಸೀಮೆ ಇದು. ಅಜ್ಜಂಪುರದ ತಳಿ ಕೇಂದ್ರದ ದನ ಬದುಕಿದ್ದಾಗ ಅದಕ್ಕೆ ಚರಿತ್ರೆಯಿದೆ, ಟಿಪ್ಪುವಿನ ಫಿರಂಗಿ ಎಳೆದ ಕೀರ್ತಿಯಿದೆ. ಊರಿನಲ್ಲಿ ದನ ಸತ್ತಾಗ ಮಾತ್ರ ಕೇರಿಯವನ ನೆನಪಾಗುತ್ತದೆ. ಪೂಜೆ ಅವರಿಗೆ, ತೊಗಲು ನಮಗೆ. ಕೂಲಿ ಎಂದು ಸಿಗುತ್ತಿದ್ದದ್ದು ಮಡಿಲಿಗೆ ಹಾಕಿದ ಕಾಳು, ಮಿಕ್ಕ ಅನ್ನ. ಬರುವುದಿಲ್ಲ ಎನ್ನುವ ಹಕ್ಕು ಅವನಿಗಿರಲಿಲ್ಲ. ಈ ಕಾಲದ ಸದ್ದನ್ನು ನಮ್ಮ ಮೊದಲ ಆಲ್ಬಮ್ ಅನ್ನೋಣ. ಅದರಲ್ಲಿ ಕೈಚಳಕವಿದೆ, ನೂರಾರು ವರ್ಷದ ಲಯಜ್ಞಾನವಿದೆ. ನುಡಿಸಿದವನ ಇಷ್ಟವೊಂದೇ ಇಲ್ಲ.

ಇಷ್ಟದಿಂದ ನುಡಿಸಿದ್ದು ಇರಲೇ ಇಲ್ಲವೆ? ಇತ್ತು, ಗುಡಿಸಲ ಒಳಗೆ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯ ಚೋಮ ಸಂಕಟ ತಡೆಯಲಾಗದೆ ರಾತ್ರಿ ದುಡಿ ಬಡಿಯುತ್ತಾನೆ. ಅವನ ಸಿಟ್ಟು ದುಡಿಯ ಮೇಲೆ ಮುಗಿಯುತ್ತದೆ, ಗುಡಿಸಲಿನ ಗೋಡೆ ದಾಟುವುದಿಲ್ಲ. ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿದ್ದು 1975ರಲ್ಲಿ. ಅದೇ ವರ್ಷ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಚೋಮನ ದುಡಿ ತೆರೆಯ ಮೇಲೆ ಬಡಿದುಕೊಳ್ಳುತ್ತಿದ್ದ ಹೊತ್ತಿನಲ್ಲೇ ಚೋಮನ ಮೊಮ್ಮಕ್ಕಳು ಬೀದಿಗೆ ಬಂದಿದ್ದರು.

ಇವೆರಡರ ನಡುವೆ ಇನ್ನೊಂದು ಆಲ್ಬಮ್ ಇದೆ. ಅದನ್ನು ಯಾರೂ ಎಣಿಸುವುದಿಲ್ಲ, ಯಾಕೆಂದರೆ ಅದರಲ್ಲಿ ಸದ್ದೇ ಇಲ್ಲ. ಅದು ತಮಟೆ ಕೆಳಗಿಟ್ಟವರ ಆಲ್ಬಮ್. ಅಂಬೇಡ್ಕರರ ಮಾತು ಕಿವಿಗೆ ಬಿದ್ದ ಮೇಲೆ, ಸಂಘಟನೆ ಬಂದ ಮೇಲೆ, ಎಷ್ಟೋ ಕೇರಿಗಳಲ್ಲಿ ಜನ 'ಇನ್ನು ಹೆಣಕ್ಕೆ ಬಡಿಯಲ್ಲ, ಸಾರಲ್ಲ, ದನ ಹೊರಲ್ಲ' ಅಂದರು. ಹಾಗಂದವರಿಗೆ ಏನಾಯಿತು ಎಂದು ನಮ್ಮ ಓದುಗರಿಗೆ ಹೇಳಬೇಕೆ? ಹೊಲದ ಕೆಲಸ ನಿಂತಿತು. ಅಂಗಡಿಯಲ್ಲಿ ಸಾಮಾನು ಇಲ್ಲ, ಬಾವಿಯ ಹತ್ತಿರ ಜಗಳ. ಊರ ಹಬ್ಬ ಕೆಟ್ಟಿತೆಂದು ಹೊಡೆತ. ಒಂದು ವಾದ್ಯ ನುಡಿಸದೆ ಇರುವುದಕ್ಕೆ ಏಟು ತಿಂದ ಜನ ಲೋಕದ ಸಂಗೀತ ಚರಿತ್ರೆಯಲ್ಲಿ ಎಷ್ಟಿದ್ದಾರೋ ಕಾಣೆವು, ನಮ್ಮ ಮೂರು ತಾಲ್ಲೂಕುಗಳಲ್ಲಿ ನಾವೇ ಕಂಡಿದ್ದೇವೆ. ನಮ್ಮ ಹುಡುಗನ ಅಪ್ಪ ಈ ಆಲ್ಬಮ್ಮಿನವರು. ಅವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು, ಮಗನಿಗೆ ಪುಸ್ತಕ ಕೊಟ್ಟರು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ನಾಡೆಲ್ಲ ಗಲಾಟೆ. ಮಂತ್ರಿಗಿರಿ ಹೋಯಿತು, ಹಾಸ್ಟೆಲಿನ ಹುಡುಗರು ಏಟು ತಿಂದರು. ಆ ಏಟಿನಿಂದ ಎದ್ದ ದನಿ 'ಹೊಲೆಮಾದಿಗರ ಹಾಡು'. ಅದು ಕಿರುಚಿತು. ಕೇರಿಯ ಬಾಯಿಮಾತು, ಬೈಗುಳ, ಅಪ್ಪಣೆಯ ಧಾಟಿ ಎಲ್ಲ ಹಾಗೇ ಹಾಳೆಗೆ ಬಂದವು. ಇದೇನು ಕಾವ್ಯವೇ ಎಂದು ವಿದ್ವಾಂಸರು ಕೇಳಿದರು. ಮೆಟಲ್ ಕೇಳಿ ಇದೇನು ಸಂಗೀತವೇ ಎಂದ ನಮ್ಮ ಮೇಷ್ಟ್ರ ಪ್ರಶ್ನೆಯೂ ಅದೇ ಜಾತಿಯದು! ಸಾವಿರ ವರ್ಷ ಬಾಯಿ ಮುಚ್ಚಿಸಿಕೊಂಡವನು ಮೊದಲ ಸಲ ಬಾಯಿ ತೆರೆದಾಗ ಆಲಾಪನೆ ಬರುತ್ತದೆಯೆ? ಮೊದಲು ಗಂಟಲು ತೆರೆಯಬೇಕು.

ಆಮೇಲೆ 1979. ಆ ವರ್ಷ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಾಗದು ಎಂದಾಯಿತು. ಅದಕ್ಕೆ ಉತ್ತರವಾಗಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಸೇರಿತು. ಅದೇ ವರ್ಷ 'ಸಾವಿರಾರು ನದಿಗಳು' ಬಂತು. ಹೆಸರಿನಲ್ಲೇ ಬದಲಾವಣೆ ನೋಡಿ. ಮೊದಲನೆಯದು ಒಂದು ಕೇರಿಯ ಹಾಡು, ಇದು ಸಾವಿರಾರು ಕೇರಿ ಕೂಡಿದ ಹರಿವು. ಕಿರುಚಾಟ ಹೆಜ್ಜೆಯಾಯಿತು. ಒಬ್ಬ ಹೇಳಿದರೆ ನೂರು ಜನ ತಿರುಗಿ ಹೇಳುವ ಹಾಗೆ ಪಲ್ಲವಿ ಬಂತು. ಕಿರುಚಾಟವನ್ನು ಗುಂಪು ಹಾಡಲಾರದು, ಗುಂಪಿಗೆ ಲಯ ಬೇಕು. ಮೈಸೂರಿನ ಜನಾರ್ದನ, ನಾವೆಲ್ಲ ಜನ್ನಿ ಅನ್ನುವವರು, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ, ಇಂಥ ಗಂಟಲುಗಳು ಹೋರಾಟದ ಹಾಡುಗಳನ್ನು ಊರೂರಿಗೆ ಹೊತ್ತವು. ಅಕ್ಷರ ಬಾರದ ತಾಯಂದಿರು ಬಾಯಿಪಾಠ ಕಲಿತರು. ಕೆಳಗಿಟ್ಟಿದ್ದ ತಮಟೆ ಮತ್ತೆ ಕೈಗೆ ಬಂದದ್ದು ಆಗಲೇ. ಗೌಡನ ಮನೆ ಮುಂದೆ ಬಡಿದದ್ದು ಈಗ ತಾಲ್ಲೂಕು ಕಚೇರಿಯ ಮುಂದೆ ಬಡಿಯಿತು. ಬಳೆ ಅದೇ, ತೊಗಲು ಅದೇ, ಹೊಡೆತವೂ ಬಹುಪಾಲು ಅದೇ. ಬದಲಾದದ್ದು ಒಂದೇ, ಬಡಿದವನು ತಾನಾಗಿ ಬಂದಿದ್ದ.

80ರ ದಶಕದ ಮೊದಲಲ್ಲಿ 'ಕಪ್ಪು ಕಾಡಿನ ಹಾಡು'. ಇದರಲ್ಲಿ ದನಿ ಒಳಕ್ಕೆ ತಿರುಗಿತು. ಮೆರವಣಿಗೆ ಮುಗಿದ ಮೇಲೆ ಒಬ್ಬನೇ ಮನೆಗೆ ನಡೆಯುವವನ ಲಯ. ಇನ್ನೂ ಮುಂದೆ 90ರ ದಶಕದ 'ಊರು ಕೇರಿ' ಆತ್ಮಕಥೆಯಲ್ಲಿ ಅದೇ ಕವಿ ನಗಿಸುತ್ತಾರೆ. ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುವುದನ್ನು ಮಗುವಿನ ಕಣ್ಣಿನಿಂದ ಹೇಳಿ, ನಗು ಗಂಟಲಲ್ಲೇ ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಕೂಗು, ಹೆಜ್ಜೆ, ಒಂಟಿದನಿ, ನಗು. ಹೀಗೆ ಒಂದೇ ಕೈಯಿಂದ ನಾಲ್ಕು ಸದ್ದು.

ಜಗಳ ಶುರುವಾದದ್ದೂ ಆಗಲೇ. ಮೊದಲ ಸಂಕಲನದ ಬೆಂಕಿ ಎಲ್ಲಿ ಹೋಯಿತು ಅಂದರು. ಅವರು ಎರಡು ಸಲ ವಿಧಾನ ಪರಿಷತ್ತಿನ ಸದಸ್ಯರಾದಾಗ ಇನ್ನೂ ಜೋರಾಗಿ ಅಂದರು. ನಾವೂ ಅಂದಿದ್ದೇವೆ, ಮುಚ್ಚಿಡುವುದೇಕೆ? ಅಧಿಕಾರಕ್ಕೆ ಹತ್ತಿರ ಹೋದ ಕವಿಯನ್ನು ಪ್ರಶ್ನಿಸುವ ಹಕ್ಕು ಚಳವಳಿಗೆ ಯಾವಾಗಲೂ ಇದೆ. ಆದರೆ 2021ರ ಜೂನ್ 11ರಂದು ಕೊರೋನಾ ಅವರನ್ನು ಕೊಂಡೊಯ್ದ ಮೇಲೆ, ಸಭೆ ಸೇರಲಾಗದೆ ಫೋನಿನಲ್ಲೇ ಒಬ್ಬರಿಗೊಬ್ಬರು ಆ ಹಾಡುಗಳನ್ನು ಹೇಳಿಕೊಂಡಾಗ, ನಮಗೆ ಒಂದು ಸಂಗತಿ ಹೊಳೆಯಿತು. ನಾವು ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೆವು. ಸದ್ದು ಬದಲಾಯಿತೆ ಎಂಬುದು ಒಂದು. ಪಕ್ಷ ಬದಲಾಯಿತೆ, ಅಂದರೆ ಯಾರ ಪರ ಎಂಬುದು ಬದಲಾಯಿತೆ, ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಆಗುವುದಿಲ್ಲ. ಇಪ್ಪತ್ತರಲ್ಲಿ ಕಿರುಚಿದವನು ನಲವತ್ತರಲ್ಲೂ ಹಾಗೇ ಕಿರುಚಿದರೆ ಅದು ಅಭ್ಯಾಸವಾಗಿರುತ್ತದೆ, ಸಿಟ್ಟಾಗಿರುವುದಿಲ್ಲ.

ಹೊರಗಿನ ಲೋಕದಲ್ಲೂ ಈ ಪರೀಕ್ಷೆ ನಡೆದಿದೆ. ಬ್ರೆಜಿಲ್ ದೇಶದಲ್ಲಿ ಮಿನಾಸ್ ಜೆರಾಯಿಸ್ ಎಂಬ ರಾಜ್ಯ. ಗಣಿಗಳಿಂದಲೇ ಬಂದ ಹೆಸರು. ಕಬ್ಬಿಣದ ಅದಿರಿನ ಸೀಮೆ. ಅಲ್ಲಿಯ ಸೆಪುಲ್ಟುರಾ ತಂಡ 1984ರಲ್ಲಿ ಹುಟ್ಟಿತು. ಮೊದಲ ಆಲ್ಬಮ್‌ಗಳಲ್ಲಿ ಹೊರದೇಶದ ಮೆಟಲ್ಲಿನ ಅನುಕರಣೆ. 1993ರ ಆಲ್ಬಮ್ಮಿನಲ್ಲಿ ಕಯೋವಾ ಎಂಬ ಮೂಲನಿವಾಸಿಗಳ ಹೆಸರಿನ ಒಂದು ವಾದನ. 1996ರ 'ರೂಟ್ಸ್'ನಲ್ಲಿ ಶವಾಂಟೆ ಎಂಬ ಮೂಲನಿವಾಸಿಗಳ ಊರಿಗೇ ಹೋಗಿ, ಅವರೊಂದಿಗೆ ಕೂತು ಧ್ವನಿಮುದ್ರಣ ಮಾಡಿಕೊಂಡರು. ಆ ತಂಡ ಮುಂದಕ್ಕೆ ಹೋದದ್ದು ತನ್ನ ನೆಲದ ತಾಳವನ್ನು ಕೇಳಿಸಿಕೊಂಡು.

ನಮ್ಮ ಬೆಂಗಳೂರಿನಲ್ಲೂ ಮೆಟಲ್ ಇದೆ. ಕ್ರಿಪ್ಟೋಸ್ ಎಂಬ ತಂಡ 1998ರಲ್ಲಿ ಆರಂಭವಾಯಿತು. 2004ರ 'ಸ್ಪೈರಲ್ ಅಸೆಂಟ್'ನಿಂದ 2024ರ 'ಡೆಸಿಮೇಟರ್'ವರೆಗೆ ಏಳು ಆಲ್ಬಮ್. ಮೊದಮೊದಲು ಸುತ್ತಿಬಳಸುವ ಕಷ್ಟದ ರಚನೆಗಳು. 2016ರ 'ಬರ್ನ್ ಅಪ್ ದ ನೈಟ್'ನಿಂದ ಈಚೆಗೆ ನೇರ, ಸರಳ, 80ರ ದಶಕದ ಧಾಟಿ. ಜರ್ಮನಿಯ ವಾಕನ್ ಎಂಬ ದೊಡ್ಡ ಉತ್ಸವದಲ್ಲಿ 2013ರಲ್ಲಿ ನುಡಿಸಿ ಬಂದರು. ಇದು ಸಾಧನೆಯೇ, ಗೌರವಿಸೋಣ. ಹಾಡು ಇಂಗ್ಲಿಷಿನದು, ಕೇಳುವವರು ಬಹುಪಾಲು ನಗರದವರು. ಅದು ಅವರ ದಾರಿ. ನಮ್ಮ ಹುಡುಗ ಕೇಳಿದ್ದು ಇಷ್ಟು: "ಸಾರ್, ಇವರ ಡ್ರಮ್ಮು ಚೆನ್ನಾಗಿದೆ. ಅದರ ಪಕ್ಕ ನಮ್ಮ ತಾತನ ತಮಟೆ ನಿಲ್ಲಲ್ವಾ?"

ನಿಲ್ಲುತ್ತದೆ, ನಿಂತಿದೆ. ಚೆನ್ನೈನಲ್ಲಿ 2018ರ ಜನವರಿಯಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ವೇದಿಕೆ ಹತ್ತಿತು. ಚಿತ್ರ ನಿರ್ದೇಶಕ ಪಾ. ರಂಜಿತ್, ಸಂಗೀತದ ತೆನ್ಮಾ ಸೇರಿ ಕಟ್ಟಿದ್ದು. ಉತ್ತರ ಚೆನ್ನೈನ ಗಾನಾ ಹಾಡುಗಾರರು, ಪರೈ ಬಡಿಯುವವರು, ಗಿಟಾರಿನವರು ಒಂದೇ ಸಾಲಿನಲ್ಲಿ ನಿಂತರು. ಜಾತಿಯಿಲ್ಲದ ತಮಿಳರು ಎಂದ ಅಯೋತಿ ದಾಸರ ಮಾತಿನಿಂದ ಹೆಸರು ತೆಗೆದುಕೊಂಡರು. ಸಾವಿನ ವಾದ್ಯವೆಂದು ದೂರ ಇಟ್ಟ ಪರೈ ಅಲ್ಲಿ ಮೀಸಲಾತಿಯ ಬಗ್ಗೆ, ಮಲದ ಗುಂಡಿಗಿಳಿದು ಸಾಯುವವರ ಬಗ್ಗೆ ಮಾತಾಡಿತು.

ನಮ್ಮಲ್ಲಿ? ಶಿಡ್ಲಘಟ್ಟ ಸೀಮೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷಪಟ್ಟೆವು. ಸಂತೋಷದ ಜೊತೆಗೇ ಒಂದು ಅನುಮಾನವೂ ಇದೆ. ರಾಷ್ಟ್ರಪತಿ ಭವನದಲ್ಲಿ ತಮಟೆಗೆ ಮಾನ ಸಿಕ್ಕ ವರ್ಷವೂ ಹಳ್ಳಿಯಲ್ಲಿ ತಮಟೆಯವನು ಗುಡಿಯ ಹೊರಗೇ ನಿಂತಿದ್ದನಲ್ಲ? ಉತ್ಸವ, ದಸರಾ, ಜಾನಪದ ಜಾತ್ರೆಗಳಲ್ಲಿ ತಮಟೆ ಈಗ ಬಣ್ಣದ ಅಂಗಿ ಹಾಕಿದೆ. ತೊಗಲಿನ ಜಾಗಕ್ಕೆ ಫೈಬರ್ ಬಂದಿದೆ. ಮಳೆಗೆ ನೆನೆಯದು, ಬೆಂಕಿ ಬೇಕಿಲ್ಲ. ಅಂತರಘಟ್ಟೆಯಂಥ ಜಾತ್ರೆಗೆ ಹೋಗುವ ದಾರಿಯಲ್ಲಿ ಡಿಜೆ ಪೆಟ್ಟಿಗೆಗಳ ಸದ್ದಿನಲ್ಲಿ ತಮಟೆ ಕೇಳುವುದೇ ಇಲ್ಲ. ಫೈಬರ್ ಆಗಲಿ, ಬಿಡಿ. ತೊಗಲಿಗೆ ಅಂಟಿದ್ದ ಅವಮಾನ ಅದರಿಂದ ಹೋಗುವುದಾದರೆ ಒಳ್ಳೆಯದೇ. ಆದರೆ ನಾವು ಕಂಡದ್ದು ಬೇರೆ.

ನಮ್ಮಲ್ಲೊಬ್ಬ ಮೇಷ್ಟ್ರು ಹಿಂದೆ ಕೆಲಸ ಮಾಡಿದ ಶಾಲೆ. ಊರ ಹೆಸರು ಬೇಡ. ಆಗಸ್ಟ್ 15ರ ಮೆರವಣಿಗೆಗೆ ಫೈಬರ್ ತಮಟೆ ತರಿಸಿದರು. ಯಾವ ಮಕ್ಕಳ ಕೈಗೆ ಕೊಡುವುದು? 'ಕೇರಿ ಹುಡುಗರನ್ನ ಕರೀರಿ, ಅವರಿಗೆ ರಕ್ತದಲ್ಲೇ ಬಂದಿರುತ್ತೆ' ಅಂದರು. ಪಟ್ಟಿ ಬರೆದದ್ದು ನಮ್ಮ ಮೇಷ್ಟ್ರೇ. ಎಂಟು ಹೆಸರು, ಎಂಟೂ ಕೇರಿಯವು. ಭಾಷಣ ಮಾಡುವವರ ಪಟ್ಟಿ ಬೇರೆ, ಅದರಲ್ಲಿ ಕೇರಿಯ ಹೆಸರು ಒಂದೂ ಇಲ್ಲ. ಮಾರನೇ ದಿನದಿಂದ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವನ ತಾಯಿ ಬಂದು ಬಾಗ್ಲಲ್ಲೇ ನಿಂತು ಕೇಳಿದಳು: "ಮೇಷ್ಟ್ರೇ, ಇವ್ನಪ್ಪ ಏಟು ತಿಂದು ಬಿಟ್ಟಿದ್ದನ್ನ ನೀವು ಇವ್ನ ಕೈಗೆ ಕೊಡ್ತೀರಲ್ಲ, ನ್ಯಾಯ್ವಾ?" ನಮ್ಮವರು ಅವತ್ತು ತಲೆ ತಗ್ಗಿಸಿದ್ದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಪಟ್ಟಿ ಹರಿದು ಹಾಕಿ, ಕಲಿಯುವ ಆಸೆಯಿರುವ ಎಲ್ಲ ಜಾತಿಯ ಮಕ್ಕಳೂ ಹೆಸರು ಕೊಡಬಹುದು ಅಂದರು. ಮೇಲುಜಾತಿಯ ಮಕ್ಕಳ ಮನೆಯವರು ತಕರಾರು ತೆಗೆದರು. ಆ ವರ್ಷ ಮೆರವಣಿಗೆ ತಮಟೆಯಿಲ್ಲದೆ ಹೋಯಿತು. ಹೋಗಲಿ. ಮುಟ್ಟಲು ಎಲ್ಲರಿಗೂ ಕೈ ಬಾರದ ವಾದ್ಯವನ್ನು 'ನಮ್ಮ ನಾಡಿನ ಕಲೆ' ಎಂದು ಮೆರೆಸುವ ಹಕ್ಕು ಯಾರಿಗೂ ಇಲ್ಲ.

ಸದ್ದಿನ ಚರಿತ್ರೆಯಿಂದ ನಾವು ಕಲಿತ ಪರೀಕ್ಷೆ ಇದು. ಹಾಡು ಜೋರಾಗಿದೆಯೋ ಮೆತ್ತಗಿದೆಯೋ, ತೊಗಲಿನದೋ ಫೈಬರಿನದೋ, ಪಕ್ಕದಲ್ಲಿ ಗಿಟಾರಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ನುಡಿಸುವವನಿಗೆ 'ಒಲ್ಲೆ' ಅನ್ನುವ ಹಕ್ಕಿದೆಯೆ? ಅಂದರೆ ಅವನ ಮೇಲೆ ಏಟು ಬೀಳದೆ ಇರುತ್ತದೆಯೆ? ಕೂಲಿ ಮಡಿಲಿಗೆ ಬೀಳುತ್ತದೋ, ಲೆಕ್ಕ ಮಾಡಿ ಕೈಗೆ ಬರುತ್ತದೋ? ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಊರ ಹಳೆಯ ತಮಟೆಗಾರರ ಹತ್ತಿರ ಕೂತು ಯಾವ ಹೊಡೆತಕ್ಕೆ ಏನು ಹೆಸರು, ಯಾವುದು ಹಬ್ಬದ್ದು, ಯಾವುದು ಸಾವಿನದ್ದು ಎಂದು ಕೇಳಿ ಬರೆದಿಡಿ, ಮೊಬೈಲಿನಲ್ಲಿ ಹಿಡಿದಿಡಿ. ಅವರ ಒಂದು ದಿನದ ಕೂಲಿಯನ್ನು ಮೊದಲೇ ಕೊಡಿ. ಜೊತೆಗೆ ತಮಟೆ ಬಿಟ್ಟವರನ್ನೂ ಹುಡುಕಿ, ಬಿಟ್ಟ ದಿನ ಊರಲ್ಲಿ ಏನಾಯಿತೆಂದು ಕೇಳಿ. ಅದೂ ಸಂಗೀತದ ಚರಿತ್ರೆಯೇ.

ಗಾಡಿ ಬಂತು. ತರೀಕೆರೆ ದಾಟುವಾಗ ಹುಡುಗ ವೈರು ಕಿತ್ತಿಟ್ಟು ಸೀಟಿನ ಹಲಗೆಯ ಮೇಲೆ ಬೆರಳಲ್ಲಿ ತಟ್ಟುತ್ತಿದ್ದ. ತಾತನ ಹೊಡೆತವಂತೆ. "ಸಾರ್, ತಾತ ಇರೋವಾಗ್ಲೇ ಕಲೀಬೇಕು ಅನ್ಸುತ್ತೆ. ಅಪ್ಪ ಮಾತ್ರ ಮನೆಗೆ ತಮಟೆ ತಂದ್ರೆ ನಾನು ಹೊರಗೆ ಹೋಗ್ತೀನಿ ಅಂತಾರೆ. ಏನ್ ಮಾಡ್ಲಿ?"

ಅವತ್ತು ಗಾಡಿಯಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇವೆ. ಕಲಿಯಪ್ಪಾ. ಗಿಟಾರಿನ ಪಕ್ಕ ಬೇಕಾದರೂ ನಿಲ್ಲಿಸು, ಕಿರುಚು, ಹಾಡು, ನಿನ್ನಿಷ್ಟ. ಆದರೆ ತಾತನ ಹತ್ತಿರ ಹೋಗುವ ಮುಂಚೆ ಅಪ್ಪನ ಹತ್ತಿರ ಕೂತು, ಅವರು ಯಾಕೆ ಬಿಟ್ಟರು ಎಂದು ಪೂರಾ ಕೇಳಿಸಿಕೊ. ಅವರು ಅವತ್ತು ಒಲ್ಲೆ ಅಂದದ್ದಕ್ಕೇ ಇವತ್ತು ನೀನು ಒಲಿದು ನುಡಿಸಬಹುದಾಗಿದೆ. ನಿನ್ನ ಹಾಡಿನಲ್ಲಿ ಎಲ್ಲೋ ಒಂದು ಕಡೆ ಹೊಡೆತ ನಿಲ್ಲುತ್ತದಲ್ಲ, ಆ ಜಾಗವನ್ನು ಅವರಿಗಾಗಿ ಬಿಡು.